ಹಾಡಿನ ಪಾಳಿ

ನಮ್ಮ ಕಡೆ ‘ಪಾಳಿ’ ಎಂಬ ಮಾತಿಗೆ ಬಿಡುವೇ ಇಲ್ಲ. ಹೊಲಕ್ಕೆ ಬರುವ ನೀರಿಗೆ ಪಾಳಿ, ಹಿಟ್ಟಿನ ಗಿರಣಿಯಲ್ಲಿ ಪಾಳಿ, ಕಬ್ಬು ಕಡಿಯುವ ಗ್ಯಾಂಗು ಮೊದಲು ಯಾರ ಹೊಲಕ್ಕೆ ಇಳಿಯಬೇಕು ಎಂಬುದಕ್ಕೂ ಪಾಳಿ. ಐನಾಪುರ ಕೃಷ್ಣಾ ಬಯಲಿನ ಊರು. ಹತ್ತಿರದ ಉಗಾರ ಖುರ್ದದಲ್ಲಿ 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಬೆಳೆಯುವವರಿಗೆ ಪಾಳಿ ತಪ್ಪುವುದು ಏನೆಂದು ಹೇಳಿಕೊಡಬೇಕಿಲ್ಲ: ನಿಂತ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ, ಹಣ ಕಡಿಮೆಯಾಗುತ್ತದೆ. ಹಾಗಾಗಿ ಪಾಳಿ ಎಂದರೆ ಬರೀ ಸಾಲಲ್ಲ. ಅದು ಒಂದು ಹಕ್ಕು. ಜೊತೆಗೆ, ಇನ್ನೊಬ್ಬರ ಹಕ್ಕು ಮುಗಿಯುವವರೆಗೆ ಕಾಯುತ್ತೇನೆ ಎಂಬ ಒಪ್ಪಂದ.

ಇದೇ ಮಾತನ್ನು ಹಾಡಿಗೂ ಹಚ್ಚಬಹುದು. ಮನೆಯಲ್ಲಿ ಡಿಜಿಟಲ್ ಮ್ಯೂಸಿಕ್ ಪ್ಲೇಯರ್ ಇಟ್ಟುಕೊಂಡವರಿಗೆ ಅದರ ಪರದೆಯ ಮೇಲೆ ‘ಕ್ಯೂ’ ಎಂಬ ಪದ ದಿನವೂ ಕಾಣುತ್ತದೆ. ಹಾಡೊಂದನ್ನು ಆರಿಸಿದರೆ ಪ್ಲೇಯರ್ ಮೂರು ದಾರಿ ತೋರಿಸುತ್ತದೆ: ಈಗಲೇ ಹಾಕಲೇ, ಈ ಹಾಡು ಮುಗಿದ ಮೇಲೆ ಹಾಕಲೇ, ಸಾಲಿನ ಕೊನೆಗೆ ಸೇರಿಸಲೇ? ಎಷ್ಟೋ ಪ್ಲೇಯರುಗಳಲ್ಲಿ ಮೊದಲನೆಯದನ್ನು ಒತ್ತಿದರೆ ಅಲ್ಲಿಯವರೆಗೆ ಕಟ್ಟಿದ ಸಾಲು ಪೂರ್ತಿ ಅಳಿಸಿಹೋಗುತ್ತದೆ. ಎರಡನೆಯದನ್ನು ಒತ್ತಿದರೆ ಕಾಯುತ್ತಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮೂರನೆಯದು ಮಾತ್ರ ಗಿರಣಿಯ ನ್ಯಾಯ.

ಕನ್ನಡದ ‘ಕ್ಯೂ’ ಎಂಬ ಒಂದೇ ಅಕ್ಷರದೊಳಗೆ ಇಂಗ್ಲಿಷಿನ ಎರಡು ಬೇರೆ ಪದಗಳು ಕೂತಿವೆ. ಒಂದು, ಬಾಲ ಎಂಬ ಅರ್ಥದ ಫ್ರೆಂಚ್ ಮೂಲದಿಂದ ಬಂದ, ಸಾಲು ಎನ್ನುವ ಕ್ಯೂ. ಇನ್ನೊಂದು, ನಾಟಕದವರು ಬಳಸುವ, ‘ಈಗ ನಿನ್ನ ಮಾತು’ ಎಂದು ಸನ್ನೆ ಕೊಡುವ ಕ್ಯೂ. ಆಕಾಶವಾಣಿಯ ‘ಕ್ಯೂ ಶೀಟ್’ನಲ್ಲಿರುವುದು ಈ ಎರಡನೆಯದು. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ. ನಮ್ಮ ಬರಹದಲ್ಲಿ ಎರಡೂ ಒಂದೇ. ಹಾಡಿನ ಮಟ್ಟಿಗೆ ಇದು ಸರಿಯಾಗಿಯೇ ಇದೆ. ಮುಂದಿನ ಹಾಡು ಯಾವುದು ಎಂಬ ಪ್ರಶ್ನೆಯೊಳಗೆ ಯಾರು ಕಾಯಬೇಕು, ಯಾರು ಸನ್ನೆ ಕೊಡಬೇಕು ಎಂಬ ಎರಡೂ ಪ್ರಶ್ನೆಗಳಿವೆ. ಆ ಸನ್ನೆ ಕೊಡುವ ಅಧಿಕಾರ ನೂರಿಪ್ಪತ್ತು ವರ್ಷಗಳಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯಿತು, ಪ್ರತಿ ಸಲ ಯಾರು ಸಾಲಿನ ಹೊರಗೆ ಉಳಿದರು ಎಂಬುದನ್ನು ನಮ್ಮ ಊರಿನ ಸುತ್ತಮುತ್ತ ನಿಂತು ನೋಡುವುದು ಈ ಲೇಖನದ ಉದ್ದೇಶ.

ಯಂತ್ರ ಬರುವ ಮೊದಲೂ ಹಾಡಿಗೆ ಪಾಳಿ ಇತ್ತು. ಊರ ಗುಡಿಯ ಭಜನೆ ಗಣಪತಿಯಿಂದ ಶುರುವಾಗಿ ಮಂಗಳಾರತಿಯಿಂದ ಮುಗಿಯುತ್ತದೆ. ನಡುವಿನ ಹಾಡುಗಳನ್ನು ಯಾರೂ ಬರೆದಿಟ್ಟಿರುವುದಿಲ್ಲ. ಹಾರ್ಮೋನಿಯಂ ಹಿಡಿದವನು ಸುತ್ತ ಕೂತವರ ಮುಖ ನೋಡುತ್ತಾನೆ, ಒಬ್ಬ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಹಿಂದೂಸ್ತಾನಿ ಬೈಠಕ್ಕಿನಲ್ಲಿ ಪಾಳಿ ಕಟ್ಟುವುದು ಹೊತ್ತು: ಬೆಳಗಿನ ರಾಗ ಬೆಳಿಗ್ಗೆ, ಸಂಜೆಯದು ಸಂಜೆ. ಎಲ್ಲ ಮುಗಿದ ಮೇಲೆ ಭೈರವಿ. ಭೈರವಿ ಶುರುವಾಯಿತೆಂದರೆ ಕೇಳುಗ ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ನೆನಪಿಸಿಕೊಳ್ಳುತ್ತಾನೆ.

ಬೆಳಗಾವಿ, ವಿಜಯಪುರ ಸೀಮೆಯ ಹರದೇಶಿ–ನಾಗೇಶಿ ಗೀಗೀ ಮೇಳಗಳಲ್ಲಿ ಪಾಳಿ ಇನ್ನೂ ಬಿಗಿ. ಹರದೇಶಿಯವರು ಶಿವ ದೊಡ್ಡವನು, ಗಂಡು ಹೆಚ್ಚು ಎಂದು ಹಾಡಿದರೆ, ನಾಗೇಶಿಯವರು ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎಂದು ಹಾಡುತ್ತಾರೆ. ದಪ್ಪು, ತುಂತುಣಿ, ತಾಳ ಹಿಡಿದು ರಾತ್ರಿಯೆಲ್ಲ ಸವಾಲು–ಜವಾಬು. ಒಂದು ಮೇಳ ಹಾಡಿನಲ್ಲಿ ಎತ್ತಿದ ಪ್ರಶ್ನೆಗೆ ಇನ್ನೊಂದು ಮೇಳ ಹಾಡಿನಲ್ಲೇ ಉತ್ತರ ಕೊಡಬೇಕು. ಇಲ್ಲಿ ಮುಂದಿನ ಹಾಡನ್ನು ಮೊದಲೇ ಸಾಲಿನಲ್ಲಿ ನಿಲ್ಲಿಸಲು ಬರುವುದಿಲ್ಲ. ಎದುರಿನವರ ಹಾಡು ಮುಗಿಯುವವರೆಗೆ ಅದು ಯಾವುದೆಂದು ಗೊತ್ತಾಗುವುದಿಲ್ಲ. ಪಾಳಿ ಮಾತ್ರ ಗಟ್ಟಿ: ನೀವು ಮುಗಿಸಿದ ಮೇಲೆ ನಾವು. ಎದುರಾಳಿಯನ್ನು ಹಾಡಿನಿಂದ ಸೋಲಿಸಬಹುದು, ಹಾಡು ಮುಗಿಯುವ ಮೊದಲು ತಡೆಯುವಂತಿಲ್ಲ.

ಕೇಳುಗರಿಗೂ ಒಂದು ಅಧಿಕಾರವಿತ್ತು: ‘ವನ್ಸ್ ಮೋರ್’. ನಮ್ಮ ಮಗ್ಗುಲಿನ ಸಾಂಗ್ಲಿ ಮರಾಠಿ ರಂಗಭೂಮಿ ಹುಟ್ಟಿದ ಊರು. ಅಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಸಂಗೀತ ನಾಟಕಕ್ಕೆ ಗಟ್ಟಿ ತಳಹದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆಮೇಲೆ ಬಂದ ಬಾಲಗಂಧರ್ವರ (1888–1967) ನಾಟಕಗಳಲ್ಲಿ ವನ್ಸ್ ಮೋರ್ ಮೇಲೆ ವನ್ಸ್ ಮೋರ್ ಬಿದ್ದು ಆಟ ಬೆಳಗಿನವರೆಗೆ ಎಳೆಯುತ್ತಿತ್ತು. ಕನ್ನಡದ ಕಂಪನಿ ನಾಟಕಗಳಲ್ಲೂ ಇದೇ ರೂಢಿ. ಕಥೆ ಮುಂದೆ ಹೋಗಬೇಕು, ಪಾತ್ರಧಾರಿಗಳು ಬದಿಯಲ್ಲಿ ಕಾಯುತ್ತಿದ್ದಾರೆ. ಆದರೂ ಜನ ಒಪ್ಪದೆ ಹಾಡು ಮುಗಿಯುವುದಿಲ್ಲ. ಈಗಿನ ಪ್ಲೇಯರಿನ ‘ರಿಪೀಟ್’ ಗುಂಡಿ ಅದರ ಮೊಮ್ಮಗ. ವ್ಯತ್ಯಾಸವೆಂದರೆ ವನ್ಸ್ ಮೋರ್ ಗೆಲ್ಲಲು ಇಡೀ ಥಿಯೇಟರು ಕೂಗಬೇಕಿತ್ತು. ರಿಪೀಟ್ ಒತ್ತಲು ಒಂದು ಬೆರಳು ಸಾಕು.

ಗ್ರಾಮೊಫೋನ್ ಬಂದಾಗ ಈ ಲೆಕ್ಕ ತಿರುಗಿತು. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡ. ಮುಂದೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಅದೇ ಗೌಹರ್ ಜಾನ್. ಆಕೆ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದರು. ಹಾಡುಗಾರ್ತಿ ಎದುರಿಗಿಲ್ಲದ ಹಾಡಿಗೆ ಹೀಗೊಂದು ಗುರುತು ಬೇಕಿತ್ತು.

78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಒಂದು ತಾಸು ಹಾಡು ಕೇಳಬೇಕೆಂದರೆ ಇಪ್ಪತ್ತು ಮಗ್ಗುಲು, ಹತ್ತು ತಟ್ಟೆ. ಉಕ್ಕಿನ ಸೂಜಿಯನ್ನು ಮಗ್ಗುಲಿಗೊಂದರಂತೆ ಬದಲಿಸಬೇಕು, ನಡುನಡುವೆ ಕೀಲಿ ತಿರುವಬೇಕು. ಅಂದರೆ ಪೆಟ್ಟಿಗೆಯ ಪಕ್ಕದಲ್ಲಿ ಒಬ್ಬರು ಕೂತಿರಲೇಬೇಕು. ಹಾಡು ಮೂರು ನಿಮಿಷಕ್ಕೊಮ್ಮೆ ನಿಂತು ‘ಮುಂದೇನು?’ ಎಂದು ಕೇಳುವ ಈ ಪದ್ಧತಿ ಬೈಠಕ್ಕಿನಲ್ಲಿ ಇರಲಿಲ್ಲ. ಹಾಡುವವರ ಕೈಯಲ್ಲಿದ್ದ ಸನ್ನೆ ಪೆಟ್ಟಿಗೆ ಕೊಂಡವನ ಕೈಗೆ ಬಂತು. ಅಂಗಳದಲ್ಲಿ ಕೂತು ಕೇಳುವ ನೆರೆಹೊರೆಯವರು ಹಾಕಿದ್ದನ್ನು ಕೇಳಬೇಕು.

ಆ ಮೂರು ನಿಮಿಷದೊಳಗೆ ಏನು ಮಾಡಬಹುದೆಂದು ತೋರಿಸಿದವರಲ್ಲಿ ಒಬ್ಬರು ನಮ್ಮೂರಿನಿಂದ ಸುಮಾರು ಒಂದು ತಾಸಿನ ದಾರಿಯ ಮೀರಜಿನಲ್ಲಿದ್ದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್ (1872–1937) ಅಲ್ಲಿ ನೆಲೆಸಿದರು, ಅಲ್ಲಿನ ದರ್ಗಾದ ಆವರಣದಲ್ಲೇ ಅವರ ಸಮಾಧಿ ಇದೆ. ಅವರು 1930ರ ದಶಕದಲ್ಲಿ ಓಡಿಯನ್ ಕಂಪನಿಗೆ ಹಾಡಿದ ತಟ್ಟೆಗಳು ಇಂದಿಗೂ ಡಿಜಿಟಲ್ ರೂಪದಲ್ಲಿ ಓಡಾಡುತ್ತಿವೆ. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಗಂಗೂಬಾಯಿಯವರ ಮೊದಲ ತಟ್ಟೆಗಳು ಎಚ್‌ಎಂವಿಯಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಮೂರು ನಿಮಿಷಕ್ಕೆ ಮಡಚುವ ಕಲೆಯನ್ನು ಈ ಪೀಳಿಗೆ ಕಲಿಯಬೇಕಾಯಿತು. ಕೇಳುಗರ ಪಾಲಿಗೆ ಆದದ್ದು ಇನ್ನೊಂದು: ಬೆಳಗಿನ ರಾಗದ ಹಿಂದೆ ನಾಟಕದ ಹಾಡು, ಅದರ ಹಿಂದೆ ನಡುರಾತ್ರಿಯ ರಾಗ. ಹೊತ್ತು ಕಟ್ಟಿದ್ದ ಪಾಳಿಯನ್ನು ಪೆಟ್ಟಿಗೆ ಬಿಚ್ಚಿಹಾಕಿತು.

ತಟ್ಟೆ ಬದಲಿಸುವ ಕೆಲಸವನ್ನು ಯಂತ್ರಕ್ಕೇ ಕೊಡುವ ಪ್ರಯತ್ನಗಳೂ ನಡೆದವು. ಅಮೆರಿಕದ ವಿಕ್ಟರ್ ಕಂಪನಿ 1927ರಲ್ಲೇ ತಾನಾಗಿ ತಟ್ಟೆ ಬದಲಿಸುವ ಪೆಟ್ಟಿಗೆ ಮಾರಿತು. ಮುಂದೆ ಬಂದ ಆಟೋಚೇಂಜರುಗಳಲ್ಲಿ ನಡುವಿನ ಕಡ್ಡಿಗೆ ಆರೆಂಟು ತಟ್ಟೆ ಪೋಣಿಸಿದರೆ ಒಂದು ಮುಗಿದ ಕೂಡಲೇ ಇನ್ನೊಂದು ಕೆಳಗೆ ಬೀಳುತ್ತಿತ್ತು. ಮನೆಯೊಳಗೆ ಬಂದ ಮೊದಲ ನಿಜವಾದ ಕ್ಯೂ ಇದೇ. ಕಣ್ಣಿಗೆ ಕಾಣುವ, ಬೆರಳಿಟ್ಟು ಎಣಿಸಬಹುದಾದ ಸಾಲು. 1948ರಲ್ಲಿ ಲಾಂಗ್ ಪ್ಲೇ ತಟ್ಟೆ ಬಂದು ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ ಹಿಡಿಯುವಂತಾದಾಗಲೂ ಕಂಪನಿಗಳು ಈ ಕಡ್ಡಿಯನ್ನು ಮರೆಯಲಿಲ್ಲ. ಎರಡು ತಟ್ಟೆಯ ಕೆಲವು ಸೆಟ್‌ಗಳಲ್ಲಿ ಒಂದನೆಯ ಮಗ್ಗುಲಿನ ಬೆನ್ನಿಗೆ ನಾಲ್ಕನೆಯದು, ಎರಡನೆಯದರ ಬೆನ್ನಿಗೆ ಮೂರನೆಯದು ಇರುತ್ತದೆ. ಹಳೆ ತಟ್ಟೆ ಕೈಗೆ ಸಿಕ್ಕವರು ಇದನ್ನು ಅಚ್ಚಿನ ದೋಷ ಎಂದುಕೊಳ್ಳುವುದುಂಟು. ಹಾಗಲ್ಲ: ಮೊದಲೆರಡು ಮಗ್ಗುಲು ಮುಗಿದ ಮೇಲೆ ಇಡೀ ಗುಡ್ಡೆಯನ್ನು ಒಮ್ಮೆ ಮಗುಚಿದರೆ ಮೂರು, ನಾಲ್ಕು ತಾವಾಗಿ ಪಾಳಿಗೆ ಬರಲಿ ಎಂಬ ಉಪಾಯ.

ರೇಡಿಯೊ ಬಂದಾಗ ಸನ್ನೆ ಮನೆಯಿಂದ ಹೊರಗೆ ಹೋಯಿತು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. ಸಾಂಗ್ಲಿ ನಿಲಯ 1963ರಲ್ಲಿ. ಐನಾಪುರದ ರೇಡಿಯೊದಲ್ಲಿ ಮುಳ್ಳು 765ಕ್ಕೆ ಇಟ್ಟರೆ ಧಾರವಾಡ, 1251ಕ್ಕೆ ತಿರುವಿದರೆ ಸಾಂಗ್ಲಿ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಮರಾಠಿ. ಗಡಿಯ ಮನೆಗಳಲ್ಲಿ ಪಾಳಿ ಹಾಡಿನಿಂದ ಹಾಡಿಗಲ್ಲ, ನಿಲಯದಿಂದ ನಿಲಯಕ್ಕೆ ನಡೆಯುತ್ತಿತ್ತು. ನಿಲಯದೊಳಗೆ ಮಾತ್ರ ಎಲ್ಲವೂ ಮೊದಲೇ ಬರೆದದ್ದು: ಯಾವ ನಿಮಿಷಕ್ಕೆ ಯಾವ ತಟ್ಟೆ, ಎಷ್ಟು ಹೊತ್ತು. 1935ರಿಂದ ಬರುತ್ತಿದ್ದ ‘ಇಂಡಿಯನ್ ಲಿಸನರ್’ ಪತ್ರಿಕೆಯಲ್ಲಿ ಮುಂದಿನ ದಿನಗಳ ಕಾರ್ಯಕ್ರಮಗಳು ಮೊದಲೇ ಅಚ್ಚಾಗುತ್ತಿದ್ದವು. ಅಚ್ಚಾದ ಕ್ಯೂ ಎನ್ನಿ. ನನ್ನಂಥ ಸಂಶೋಧಕರಿಗೆ ಅದು ಹೊನ್ನು. ಅಂದಿನ ಕೇಳುಗನಿಗೆ ಅದು ಬದಲಿಸಲಾಗದ ಹಣೆಬರಹ.

ಹಣೆಬರಹ ಬದಲಿಸಲು ಹೊರಟವರು ಮೂಗಿಗೆ ಕೈ ಹಚ್ಚುವ ಕೆಲಸ ಮಾಡಿದರು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಚಿತ್ರಗೀತೆಗಳೆಂದರೆ ಆಗುತ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಬತ್ತಿಹೋದವು. ಜನ ಮುಳ್ಳನ್ನು ರೇಡಿಯೊ ಸಿಲೋನಿಗೆ ತಿರುವಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಆ ಕಾರ್ಯಕ್ರಮ ಮೊದಲು ಹಿಟ್ ಪೆರೇಡ್ ಆಗಿರಲಿಲ್ಲ. ಏಳು ಹಾಡುಗಳನ್ನು ಹಿಂದುಮುಂದಾಗಿ ಹಾಕುತ್ತಿದ್ದರು. ಕೇಳುಗರು ಅವನ್ನು ಸರಿಯಾದ ಕಾಲಕ್ರಮಕ್ಕೆ ಜೋಡಿಸಿ ಬರೆದು ಕಳಿಸಬೇಕು, ಸರಿಯಾದರೆ ನೂರು ರೂಪಾಯಿ ಬಹುಮಾನ. ಒಂದು ದೇಶದ ಜನ ಸಾವಿರಾರು ಸಂಖ್ಯೆಯಲ್ಲಿ ಕೂತು ಹಾಡಿನ ಪಾಳಿ ಸರಿಪಡಿಸುವುದನ್ನೇ ಆಟವಾಗಿ ಆಡಿದರು. ಪತ್ರಗಳ ರಾಶಿ ಸಂಭಾಳಿಸಲಾಗದೆ ಆಮೇಲೆ ಅದು ಜನಪ್ರಿಯತೆಯ ಸಾಲಾಗಿ ಬದಲಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಸಿಲೋನಿಗೆ ಹೋದ ಕಿವಿಗಳನ್ನು ವಾಪಸು ಕರೆಯಲು.

ಆಮೇಲೆ ಕೋರಿಕೆ ಗೀತೆಗಳ ಕಾಲ. ಒಂದು ಹಾಡಿನ ಮೊದಲು ಹತ್ತಾರು ಹೆಸರು, ಊರು ಓದುವುದು. ಹಾಡಿಗಿಂತ ಹೆಸರು ಕೇಳಲು ಕೂತವರೇ ಹೆಚ್ಚು. ಆಗಿನ ಬಿಹಾರದ ಝುಮ್ರಿ ತಿಲೈಯ್ಯಾ ಎಂಬ ಗಣಿಯ ಊರು ಇಡೀ ದೇಶಕ್ಕೆ ಗೊತ್ತಾದದ್ದು ಬರೀ ಕೋರಿಕೆ ಪತ್ರಗಳಿಂದ. ಆದರೆ ಈ ಪಾಳಿಗೂ ಒಂದು ಬಾಗಿಲಿತ್ತು: ಓದು ಬರಹ ಬೇಕು, ಕಾರ್ಡು ಕೊಳ್ಳುವ ಕಾಸು ಬೇಕು, ತನ್ನ ಹೆಸರು ಊರೆಲ್ಲ ಕೇಳಿದರೆ ಮನೆಯಲ್ಲಿ ಬಯ್ಯುವುದಿಲ್ಲ ಎಂಬ ಧೈರ್ಯ ಬೇಕು. ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳು ತಮ್ಮನ ಹೆಸರಿನಲ್ಲಿ ಕಾರ್ಡು ಬರೆಸುತ್ತಿದ್ದರೆಂದು ಹಿರಿಯರಿಂದ ಕೇಳಿದ್ದೇನೆ. ಅವರ ಆಯ್ಕೆ ಹಾಡಾಗಿ ಬಂತು, ಹೆಸರು ಬರಲಿಲ್ಲ.

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಊರುಗಳನ್ನು ಮುತ್ತಿದ್ದು 1980ರ ದಶಕದಲ್ಲಿ. ಪೇಟೆಯ ಅಂಗಡಿಗೆ ಹಾಡುಗಳ ಚೀಟಿ ಕೊಟ್ಟು ಬಂದರೆ ನಾಲ್ಕು ದಿನಕ್ಕೆ ಕ್ಯಾಸೆಟ್ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ ಕ್ಯಾಸೆಟ್ಟೆಂದರೆ ಮಗ್ಗುಲಿಗೆ ಮೂವತ್ತು. ಚೀಟಿ ಬರೆಯುವವರು ಗಣಿತ ಮಾಡಬೇಕು: ಆರು ಹಾಡು ಸರಿ, ಏಳನೆಯದು ನಡುವೆ ಕಡಿಯುತ್ತದೆ. ಒಮ್ಮೆ ತುಂಬಿಸಿದ ಮೇಲೆ ಪಾಳಿ ಬದಲಿಸುವಂತಿಲ್ಲ. ಹೀಗಾಗಿ ಒಂದೇ ಕ್ಯಾಸೆಟ್ಟನ್ನು ವರ್ಷಗಟ್ಟಲೆ ಕೇಳಿದವರ ತಲೆಯಲ್ಲಿ ಒಂದು ಹಾಡಿನ ಕೊನೆ ಮುಂದಿನ ಹಾಡಿನ ಶುರುವಿಗೆ ಹೊಲಿದುಹೋಗಿರುತ್ತದೆ. ಬೇರೆಲ್ಲೋ ಮೊದಲ ಹಾಡು ಕೇಳಿಸಿದರೂ ಎರಡನೆಯದು ಮನಸ್ಸಿನಲ್ಲಿ ತಾನಾಗಿ ಎದ್ದು ನಿಲ್ಲುತ್ತದೆ. ಕ್ಯಾಸೆಟ್ಟಿನ ಕಾಲದವರನ್ನು ಕೇಳಿ ನೋಡಿ, ಇದು ಎಲ್ಲರ ಅನುಭವ.

ಕ್ಯಾಸೆಟ್ಟಿನ ಅಂಗಡಿಯೇ ಆಮೇಲೆ ಮೊಬೈಲ್ ಅಂಗಡಿಯಾಯಿತು, ಚೀಟಿಯ ಜಾಗಕ್ಕೆ ಮೆಮೊರಿ ಕಾರ್ಡು ಬಂತು. ಹಂಗಾಮಿನಲ್ಲಿ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಕಾರ್ಖಾನೆಯ ದಾರಿಯುದ್ದ ಜನಪದ ಹಾಡು ಮೊಳಗಿಸುತ್ತ ಹೋಗುವುದನ್ನು ಈ ಭಾಗದಲ್ಲಿ ಓಡಾಡಿದವರು ಬಲ್ಲರು. ಆ ಹಾಡುಗಳೆಲ್ಲ ಪೆನ್‌ಡ್ರೈವಿನಲ್ಲಿ. ಅಗ್ಗದ ಸ್ಟೀರಿಯೊಗಳಲ್ಲಿ ಎಷ್ಟೋ ಯಂತ್ರಗಳು ಹಾಡನ್ನು ಹೆಸರಿನ ಅಕ್ಷರಕ್ರಮದಲ್ಲಿ ಹಾಕುವುದಿಲ್ಲ. ಪೆನ್‌ಡ್ರೈವಿಗೆ ಯಾವ ಕ್ರಮದಲ್ಲಿ ಕಾಪಿ ಮಾಡಿದ್ದರೋ ಅದೇ ಕ್ರಮ. ಬೇರೆ ಕೆಲವು ಅಕ್ಷರಕ್ರಮ ಹಿಡಿಯುತ್ತವೆ. ಇದನ್ನು ಯಾವ ಪುಸ್ತಕವೂ ಹೇಳಿಕೊಡದೆ ಕಂಡುಕೊಂಡ ಚಾಲಕರು ಹಾಡಿನ ಹೆಸರಿನ ಮುಂದೆ 001, 002 ಎಂದು ಹಚ್ಚಿಸಿ, ಒಂದೊಂದಾಗಿ ಅದೇ ಕ್ರಮದಲ್ಲಿ ತುಂಬಿಸಿಕೊಳ್ಳುತ್ತಾರೆ. ಕಾರ್ಖಾನೆಯ ಗೇಟಿನ ಮುಂದೆ ಗಾಡಿಯ ಪಾಳಿಗೆ ತಾಸುಗಟ್ಟಲೆ ಕಾಯುವವರಿಗೆ ಹಾಡಿನ ಪಾಳಿಯ ಬೆಲೆ ಗೊತ್ತು.

ಅತ್ತ ಕಂಪ್ಯೂಟರಿನಲ್ಲಿ 1997ರಲ್ಲಿ ವಿನ್‌ಆಂಪ್ ಬಂತು. ಹಾಡಿನ ಸಾಲು ಪರದೆಯ ಮೇಲೆ ಕಾಣತೊಡಗಿತು. ಮೌಸಿನಿಂದ ಎಳೆದು ಮೇಲೆ ಕೆಳಗೆ ಮಾಡಬಹುದಾಯಿತು. 2001ರಲ್ಲಿ ಐಪಾಡ್. ಅದೇ ವರ್ಷ ಸ್ಲಿಮ್ ಡಿವೈಸಸ್ ಎಂಬ ಚಿಕ್ಕ ಕಂಪನಿ, ಕಂಪ್ಯೂಟರಿನಲ್ಲಿರುವ ಹಾಡನ್ನು ಮನೆಯ ನೆಟ್‌ವರ್ಕಿನ ಮೂಲಕ ಹಜಾರದ ಆಂಪ್ಲಿಫೈಯರಿಗೆ ತಲುಪಿಸುವ ಪೆಟ್ಟಿಗೆ ಮಾರಿತು. ಅದರ ಮುಂದಿನ ರೂಪವೇ ಸ್ಕ್ವೀಜ್‌ಬಾಕ್ಸ್. 2006ರಲ್ಲಿ ಲಾಜಿಟೆಕ್ ಅದನ್ನು ಕೊಂಡಿತು, 2012ರಲ್ಲಿ ಕೈಬಿಟ್ಟಿತು. ಆದರೆ ಅದರ ತಂತ್ರಾಂಶ ಮುಕ್ತವಾಗಿದ್ದರಿಂದ ಬಳಕೆದಾರರೇ ಅದನ್ನು ಇಂದಿಗೂ ನಡೆಸುತ್ತಿದ್ದಾರೆ. 2003ರಲ್ಲಿ ಶುರುವಾದ ಎಂಪಿಡಿ ಎಂಬ ಇನ್ನೊಂದು ಮುಕ್ತ ತಂತ್ರಾಂಶ, 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಸೇರಿ, ಮನೆಯ ಪ್ಲೇಯರನ್ನು ಕೆಲವೇ ಸಾವಿರ ರೂಪಾಯಿಯ ಮಾತಾಗಿಸಿದವು.

ಈ ಪೆಟ್ಟಿಗೆಗಳ ಹೊಸತನ ಒಂದಿದೆ. ಸಾಲು ಇರುವುದು ನಿಮ್ಮ ಫೋನಿನಲ್ಲಲ್ಲ, ಪೆಟ್ಟಿಗೆಯಲ್ಲಿ. ಮನೆಯಲ್ಲಿರುವ ಐದು ಫೋನುಗಳೂ ಅದೇ ಸಾಲಿನ ಕಿಟಕಿಗಳು. ಯಾರು ಬೇಕಾದರೂ ಸೇರಿಸಬಹುದು, ಯಾರು ಬೇಕಾದರೂ ತೆಗೆಯಬಹುದು, ಯಾರು ಮಾಡಿದರೆಂದು ಗೊತ್ತಾಗುವುದಿಲ್ಲ. ಎಂಪಿಡಿಯಲ್ಲಿ ‘ಕನ್ಸ್ಯೂಮ್’ ಎಂಬ ಕ್ರಮವೂ ಇದೆ: ಹಾಡಿ ಮುಗಿದದ್ದು ಸಾಲಿನಿಂದಲೇ ಅಳಿಯುತ್ತದೆ. ಗಿರಣಿಯಲ್ಲಿ ಹಿಟ್ಟು ಬೀಸಿಕೊಂಡವರು ಚೀಲ ಹೊತ್ತು ಮನೆಗೆ ಹೋದಂತೆ.

ಇನ್ನು ‘ಶಫಲ್’, ಅಂದರೆ ಇಸ್ಪೀಟಿನಂತೆ ಕಲಸುವುದು. ಇದರ ಗಣಿತ ಹಳೆಯದು. ಫಿಶರ್ ಮತ್ತು ಯೇಟ್ಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1938ರಲ್ಲೇ ಸರಿಯಾಗಿ ಕಲಸುವ ವಿಧಾನ ಬರೆದಿಟ್ಟಿದ್ದರು. ತಮಾಷೆಯೆಂದರೆ ಸರಿಯಾಗಿ ಕಲಸಿದ್ದು ಜನಕ್ಕೆ ಸರಿ ಅನ್ನಿಸಲಿಲ್ಲ. ನಿಜವಾದ ಕಲಸಿನಲ್ಲಿ ಒಬ್ಬರದೇ ಎರಡು ಹಾಡು ಹಿಂದೆ ಹಿಂದೆ ಬರುವುದು ಸಹಜ. ಕೇಳುಗರು ಅದನ್ನು ಪಕ್ಷಪಾತ ಎಂದರು. ಆಪಲ್ 2005ರಲ್ಲಿ, ಸ್ಪಾಟಿಫೈ 2014ರ ಹೊತ್ತಿಗೆ, ಕಲಸಿದಂತೆ ಕಾಣಲೆಂದು ಕಲಸುವುದನ್ನೇ ತಿದ್ದಿದವು. 2021ರಲ್ಲಿ ಗಾಯಕಿ ಅಡೆಲ್ ತಮ್ಮ ಆಲ್ಬಮ್ಮಿನ ಹಾಡುಗಳನ್ನು ಇಟ್ಟ ಕ್ರಮದಲ್ಲೇ ಕೇಳಬೇಕೆಂದು ಕೇಳಿಕೊಂಡ ಮೇಲೆ, ಆಲ್ಬಮ್ಮುಗಳ ಮುಂದಿದ್ದ ಶಫಲ್ ಗುಂಡಿಯನ್ನು ಸ್ಪಾಟಿಫೈ ಹಿಂದೆ ಸರಿಸಿತು. ನಮ್ಮ ಸಂಗೀತದವರಿಗೆ ಹಾಗೆ ಕೇಳಲು ಕಾರಣ ಇನ್ನೂ ಹೆಚ್ಚಿದೆ. ಒಂದೇ ರಾಗದ ವಿಲಂಬಿತ ಮತ್ತು ದ್ರುತ ಎರಡು ಬೇರೆ ಫೈಲುಗಳಾಗಿದ್ದರೆ ಶಫಲ್ ಅವನ್ನು ಒಡೆಯುತ್ತದೆ. ವಿದಾಯದ ಭೈರವಿಯನ್ನು ಮೊದಲು ತಂದು ಕೂರಿಸುತ್ತದೆ. ಸವಾಲಿಲ್ಲದೆ ಜವಾಬು ಹಾಡಿಸುತ್ತದೆ.

ನಮ್ಮ ಮನೆಯಲ್ಲಿ ಇಂಥದೊಂದು ಪೆಟ್ಟಿಗೆ ಮೂರು ವರ್ಷದಿಂದ ಇದೆ. ಅಪ್ಪನ ಕ್ಯಾಸೆಟ್ಟುಗಳು, ಸಿಡಿಗಳು, ತಮ್ಮ ತಂದದ್ದು, ನಾನು ಸಂಶೋಧನೆಗೆಂದು ಕೂಡಿಸಿದ್ದು ಎಲ್ಲ ಅದರಲ್ಲಿವೆ. ಮೊದಲ ತಿಂಗಳುಗಳಲ್ಲಿ ಮನೆಯಲ್ಲಿ ಜಗಳವೇ ಜಗಳ. ಅಪ್ಪ ಸಂಜೆ ಮಲ್ಲಿಕಾರ್ಜುನ ಮನ್ಸೂರರನ್ನು ಹಾಕಿ ಕೈಕಾಲು ತೊಳೆಯಲು ಹೋಗುವರು. ಬರುವಷ್ಟರಲ್ಲಿ ಮೇಲಿನ ಕೋಣೆಯಿಂದ ತಮ್ಮ ‘ಈಗಲೇ’ ಒತ್ತಿರುತ್ತಿದ್ದ. ಆದರೆ ಫೋನ್ ಇದ್ದವರ ಜಗಳ ಜಗಳವಾಗಿಯಾದರೂ ಕೇಳಿಸುತ್ತದೆ. ಆಯಿಯದು ಕೇಳಿಸಲೇ ಇಲ್ಲ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ರೇಡಿಯೊದ ಮುಳ್ಳು ತಿರುವಲು, ಕ್ಯಾಸೆಟ್ಟಿನ ಗುಂಡಿ ಒತ್ತಲು ಆಕೆಗೆ ಬರುತ್ತಿತ್ತು. ಈ ಪೆಟ್ಟಿಗೆಗೆ ಗುಂಡಿಯೇ ಇಲ್ಲ. “ಏನ್ ಹಚ್ಚಲಿ ಆಯಿ?” ಎಂದು ಕೇಳಿದರೆ, “ನಿಮ್ಮವ ಮುಗೀಲಿ ತಗೋ, ನನ್ನ ಪಾಳಿ ಬಂದಾಗ ಹೇಳು” ಅನ್ನುವಳು. ಆ ಪಾಳಿ ಬರುವುದು ಸಾಧ್ಯವೇ ಇರಲಿಲ್ಲ, ಏಕೆಂದರೆ ಆಕೆ ಸಾಲಿನಲ್ಲಿಯೇ ಇರಲಿಲ್ಲ.

ಇದು ಪೆಟ್ಟಿಗೆಯ ಹೊಸ ಅಪರಾಧವೇನಲ್ಲ. ಗ್ರಾಮೊಫೋನಿಗೆ ಹಣದ ಬಾಗಿಲಿತ್ತು, ಕೋರಿಕೆ ಗೀತೆಗೆ ಅಕ್ಷರದ ಬಾಗಿಲು, ಈಗ ಫೋನಿನ ಬಾಗಿಲು. ಪ್ರತಿ ಹೊಸ ಯಂತ್ರ ಸಾಲನ್ನು ಎಲ್ಲರಿಗೂ ತೆರೆದೆ ಎಂದು ಹೇಳಿಕೊಂಡೇ ಬರುತ್ತದೆ; ತೆರೆಯುವುದೂ ನಿಜ. ಹಿಂದಿನ ಬಾಗಿಲು ದಾಟಿದ್ದ ಯಾರೋ ಒಬ್ಬರು ಹೊಸ ಬಾಗಿಲಲ್ಲಿ ಸಿಕ್ಕಿಕೊಳ್ಳುವುದೂ ಅಷ್ಟೇ ನಿಜ. ಭಜನೆಯಲ್ಲಿ ಹಾರ್ಮೋನಿಯಂ ಹಿಡಿದವನು ಸುತ್ತ ಕೂತವರ ಮುಖ ನೋಡುತ್ತಿದ್ದನಲ್ಲ, ಆ ಕೆಲಸವನ್ನು ಯಾವ ತಂತ್ರಾಂಶವೂ ಮಾಡುವುದಿಲ್ಲ. ಅದನ್ನು ಮನೆಯವರೇ ಮಾಡಬೇಕು.

ಈಗ ನಮ್ಮಲ್ಲಿ ಮೂರು ಕಟ್ಟಳೆಗಳಿವೆ. ‘ಈಗಲೇ’ ಗುಂಡಿ ಯಾರೂ ಒತ್ತುವಂತಿಲ್ಲ, ಹೊಸದೆಲ್ಲ ಸಾಲಿನ ಕೊನೆಗೆ. ಹಾಡು ನಡೆಯುವಾಗ ಶಫಲ್ ಇಲ್ಲ. ಬೆಳಗಿನ ಮೊದಲ ಒಂದು ತಾಸು ಆಯಿಯದು. ಹಿಂದಿನ ರಾತ್ರಿ ಕೇಳಿ ಸಾಲು ಕಟ್ಟಿಡುವುದು ಮನೆಯಲ್ಲಿದ್ದವರ ಕೆಲಸ. ಆಕೆ ಹೇಳುವ ಕ್ರಮ ಗುಡಿಯ ಭಜನೆಯ ಕ್ರಮವೇ: ಗಣಪತಿ ಮೊದಲು, ಕೊನೆಗೆ ಮಂಗಳ.

ಸಂಶೋಧಕಿಯಾಗಿ ನನಗೆ ಉಳಿದ ಚಿಂತೆ ಬೇರೆ. ಈ ಸಾಲುಗಳು ಎಲ್ಲಿ ಹೋಗುತ್ತವೆ? ಆಕಾಶವಾಣಿಯ ಕಾರ್ಯಕ್ರಮ ಪತ್ರಿಕೆ ಗ್ರಂಥಾಲಯದಲ್ಲಿ ಸಿಗುತ್ತದೆ, ಕಂಪನಿಗಳ ತಟ್ಟೆಗಳ ಕ್ಯಾಟಲಾಗು ಸಿಗುತ್ತದೆ. ಅವು ಕೇಳಿಸಿದವರ ದಾಖಲೆ. ಕೇಳಿದವರ ದಾಖಲೆ ಬಲು ವಿರಳ. ಒಂದು ಮನೆ ಒಂದು ಸಂಜೆ ಏನನ್ನು ಯಾವುದರ ನಂತರ ಕೇಳಿತು ಎಂಬುದು ಒಂದು ಗುಂಡಿಗೆ ಅಳಿಯುತ್ತದೆ. ಮನೆಯ ಪ್ಲೇಯರುಗಳಲ್ಲಿ ಇದನ್ನು ಉಳಿಸುವುದು ಸುಲಭ: ಸಾಲನ್ನು ಹೆಸರು ಕೊಟ್ಟು ಸೇವ್ ಮಾಡಿದರೆ ಎಂ3ಯು ಎಂಬ ಸಾದಾ ಪಠ್ಯದ ಫೈಲಾಗಿ ಕೂರುತ್ತದೆ, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ. ನಾನು ವಾರಕ್ಕೊಮ್ಮೆ ದಿನಾಂಕ ಹಾಕಿ ಉಳಿಸುತ್ತೇನೆ. ಫೈಲಿನಲ್ಲಿ ಹಾಡಿನ ಹೆಸರು ಬರುತ್ತದೆ, ಕೇಳಿದವರ ಹೆಸರು ಬರುವುದಿಲ್ಲ. ಅದನ್ನು ಒಂದು ನೋಟುಬುಕ್ಕಿನಲ್ಲಿ ಬೇರೆ ಬರೆಯುತ್ತೇನೆ. ತಮ್ಮನ ಹೆಸರಿನ ಹಿಂದೆ ಮರೆಯಾದ ಆ ಕಾರ್ಡುಗಳ ನೆನಪು ಇದಕ್ಕೆ ಕಾರಣ.

ಓದುಗರಲ್ಲಿ ಒಂದು ವಿನಂತಿ. ಈಗ ಬಹಳ ಮನೆಗಳಲ್ಲಿ ಹಳೆ ಕ್ಯಾಸೆಟ್ಟುಗಳನ್ನು ಡಿಜಿಟಲ್ ಮಾಡಿಸಿ ಡಬ್ಬಿಗಳನ್ನು ಗುಜರಿಗೆ ಹಾಕುತ್ತಿದ್ದಾರೆ. ಆ ಡಬ್ಬಿಯೊಳಗೆ ಮಡಚಿಟ್ಟ ಒಂದು ಕಾಗದವಿರುತ್ತದೆ. ಎ, ಬಿ ಎಂದು ಎರಡು ಕಾಲಂ, ಪೆನ್ನಿನಲ್ಲಿ ಬರೆದ ಹಾಡುಗಳ ಪಟ್ಟಿ, ಎಲ್ಲೋ ಒಂದು ಹಾಡು ಹೊಡೆದುಹಾಕಿ ಅದರ ಮೇಲೆ ಇನ್ನೊಂದು, ಬೇರೆ ಕೈಬರಹದಲ್ಲಿ. ಹಾಡು ಬೇರೆ ಕಡೆ ಸಿಕ್ಕೀತು. ಆ ಪಟ್ಟಿ ಮತ್ತೆಲ್ಲೂ ಸಿಗುವುದಿಲ್ಲ. ಗುಜರಿಗೆ ಕೊಡುವ ಮೊದಲು ಅದನ್ನು ತೆಗೆದಿಟ್ಟು, ಯಾರ ಕೈಬರಹವೆಂದು ಹಿಂದುಗಡೆ ಬರೆಯಿರಿ.